ಎರಡನೆಯ ಔಷಧಕ್ಕೆ ಏನು ಕೆಲಸ? ಜೀನ್ ರೂಪಾಂತರದ ಕ್ಯಾನ್ಸರ್‌ಗಳಲ್ಲಿ ಜೋಡಿ ಟಾರ್ಗೆಟೆಡ್ ಚಿಕಿತ್ಸೆಯನ್ನು ಅರಿತು ನಡೆಸುವ ಕ್ರಮ

ಕ್ಯಾನ್ಸರ್ ತಜ್ಞರು ಕೊಟ್ಟ ಚೀಟಿಯಲ್ಲಿ ಒಂದರ ಬದಲು ಎರಡು ಟಾರ್ಗೆಟೆಡ್ ಔಷಧಗಳ, ಅಂದರೆ ಗಡ್ಡೆಯ ನಿರ್ದಿಷ್ಟ ಜೀನ್ ಅಥವಾ ಪ್ರೋಟೀನ್ ದೋಷಕ್ಕೇ ಗುರಿಯಿಟ್ಟ ಔಷಧಗಳ, ಹೆಸರು ಕಂಡಾಗ ಕೆಲವರು ರೋಗ ಕೈಮೀರಿದೆ ಎಂದು ಹೆದರುತ್ತಾರೆ. ಇನ್ನು ಕೆಲವರು ಗುಣವೂ ಇಮ್ಮಡಿಯಾಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಎರಡೂ ತಪ್ಪು. ಜೋಡಿಯಲ್ಲಿ ಎರಡನೆಯ ಔಷಧಕ್ಕೆ ಗೊತ್ತಾದ ಒಂದು ಕೆಲಸವಿರುತ್ತದೆ: ಮೊದಲನೆಯದರಿಂದ ಗಡ್ಡೆ ತಪ್ಪಿಸಿಕೊಳ್ಳುವ ದಾರಿಯನ್ನು ಮುಚ್ಚುವುದು, ಇಲ್ಲವೇ ಮೊದಲನೆಯದು ಮಾಡುವ ಹಾನಿಯನ್ನು ತಗ್ಗಿಸುವುದು, ಅಪರೂಪಕ್ಕೆ ಎರಡನ್ನೂ ಮಾಡುವುದು. ಆ ಕೆಲಸ ಯಾವುದೆಂದು ರೋಗಿಗೂ ಮನೆಯವರಿಗೂ ಸ್ಪಷ್ಟವಾಗಿದ್ದರೆ ವರದಿ ಓದುವುದು, ವೈದ್ಯರನ್ನು ಪ್ರಶ್ನಿಸುವುದು, ಮನೆಯಲ್ಲಿ ಮಾತ್ರೆಗಳನ್ನು ನಿಭಾಯಿಸುವುದು ಎಲ್ಲವೂ ಹಗುರವಾಗುತ್ತವೆ. ಈ ಮಾರ್ಗದರ್ಶಿ ಅದೇ ಕ್ರಮದಲ್ಲಿ ಸಾಗುತ್ತದೆ. ಇಲ್ಲಿ ಬರುವ ಪ್ರಮಾಣಗಳೂ ವೇಳೆಗಳೂ ವಿಷಯವನ್ನು ಅರ್ಥಮಾಡಿಕೊಳ್ಳುವುದಕ್ಕಾಗಿ ಇವೆ. ಒಬ್ಬ ರೋಗಿಗೆ ಅವರ ವೈದ್ಯರು ಬರೆದದ್ದೇ ಅಂತಿಮ.

ವರದಿಯಲ್ಲಿ ಏನನ್ನು ಹುಡುಕಬೇಕು

ಈ ಚಿಕಿತ್ಸೆಯೆಲ್ಲ ಗಡ್ಡೆಯ ಜೀನ್ ಪರೀಕ್ಷೆಯ ವರದಿಯ ಮೇಲೆ ನಿಂತಿದೆ. ಬಯಾಪ್ಸಿಯಲ್ಲಿ ತೆಗೆದ ತುಣುಕಿನಿಂದಲೋ, ಗಡ್ಡೆಯಿಂದ ರಕ್ತಕ್ಕೆ ಸೇರಿದ ಡಿಎನ್‌ಎ ಚೂರುಗಳಿಂದಲೋ ಪರೀಕ್ಷೆ ನಡೆಯುತ್ತದೆ. ಎರಡನೆಯ ಬಗೆಗೆ ಲಿಕ್ವಿಡ್ ಬಯಾಪ್ಸಿ ಎಂದು ಹೆಸರು. ಔಷಧವಿರುವ ರೂಪಾಂತರವೊಂದು, ಅಂದರೆ ಮ್ಯುಟೇಶನ್, ರಕ್ತದಲ್ಲಿ ಸಿಕ್ಕಿದರೆ ಅದನ್ನು ಬಹುಮಟ್ಟಿಗೆ ನಂಬಬಹುದು. ಸಿಗದಿದ್ದರೆ ಅದು ಇಲ್ಲವೇ ಇಲ್ಲ ಎನ್ನಲಾಗದು, ಏಕೆಂದರೆ ಕೆಲವು ಗಡ್ಡೆಗಳು ರಕ್ತಕ್ಕೆ ಬಿಡುವ ಡಿಎನ್‌ಎ ತೀರಾ ಕಡಿಮೆ. ಆಗ ತುಣುಕಿನ ಪರೀಕ್ಷೆಯನ್ನೇ ಕೇಳಬೇಕು.

ವರದಿ ಹತ್ತಾರು ಪುಟಗಳಿದ್ದರೂ ಮೊದಲು ಕಣ್ಣು ಹಾಯಿಸಬೇಕಾದದ್ದು ಜೀನಿನ ಹೆಸರಿನ ಪಕ್ಕದಲ್ಲಿರುವ ಅಕ್ಷರ-ಅಂಕಿಗಳ ಗುರುತಿನ ಮೇಲೆ. ‘ಬಿ-ರಾಫ್ ವಿ600ಇ’ ಎಂದರೆ ಬಿ-ರಾಫ್ ಪ್ರೋಟೀನಿನ 600ನೆಯ ಸ್ಥಾನದಲ್ಲಿ ಇರಬೇಕಾಗಿದ್ದ ವ್ಯಾಲಿನ್ ಎಂಬ ಅಮೈನೋ ಆಮ್ಲದ ಜಾಗಕ್ಕೆ ಗ್ಲುಟಾಮಿಕ್ ಆಮ್ಲ ಬಂದು ಕುಳಿತಿದೆ ಎಂದರ್ಥ. ‘ನಮಗೆ ಬಿ-ರಾಫ್ ಪಾಸಿಟಿವ್ ಬಂದಿದೆ’ ಎಂಬಷ್ಟೇ ಮಾತು ಸಾಲದು. ವಿ600ಕ್ಕೆಂದು ರೂಪಿಸಿದ ಔಷಧಗಳು ಅದೇ ಜೀನಿನ ಬೇರೆ ಸ್ಥಾನದ ರೂಪಾಂತರಗಳಿಗೆ ಸಾಮಾನ್ಯವಾಗಿ ಬಗ್ಗುವುದಿಲ್ಲ. ಕೆ-ರಾಸ್ ಎಂಬ ಇನ್ನೊಂದು ಜೀನಿನಲ್ಲಿ ಈ ವ್ಯತ್ಯಾಸ ಇನ್ನೂ ಕಟ್ಟುನಿಟ್ಟು: ಸೋಟೋರಾಸಿಬ್, ಅಡಗ್ರಾಸಿಬ್ ಎಂಬ ಔಷಧಗಳು ಜಿ12ಸಿ ರೂಪಾಂತರದಲ್ಲಿ ಹೊಸದಾಗಿ ಬಂದ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೇ ಅಂಟಿಕೊಂಡು ಕೆಲಸ ಮಾಡುವುದರಿಂದ, ಕೊನೆಯ ಅಕ್ಷರ ಮಾತ್ರ ಬದಲಾದ ಜಿ12ಡಿ ಇರುವವರಿಗೆ ಅವುಗಳಿಂದ ಪ್ರಯೋಜನವಿಲ್ಲ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇಜಿಎಫ್‌ಆರ್ ಜೀನಿನ 19ನೆಯ ಎಕ್ಸಾನ್ ಎಂಬ ಭಾಗದಿಂದ ಒಂದು ತುಣುಕು ಅಳಿಸಿಹೋಗಿರುವುದಕ್ಕೂ 20ನೆಯ ಎಕ್ಸಾನಿಗೆ ತುಣುಕು ಸೇರಿಕೊಂಡಿರುವುದಕ್ಕೂ ಚಿಕಿತ್ಸೆ ಬೇರೆ ಬೇರೆ. ಆದ್ದರಿಂದ ಈ ಗುರುತನ್ನು ಒಂದು ಚೀಟಿಯಲ್ಲಿ ಅಕ್ಷರ ತಪ್ಪದೆ ಬರೆದಿಟ್ಟುಕೊಂಡು, ಎರಡನೆಯ ವೈದ್ಯರ ಅಭಿಪ್ರಾಯಕ್ಕೆ ಹೋದಾಗಲೂ ಅದನ್ನೇ ಮುಂದಿಡಬೇಕು.

ಗುರುತಿನ ಪಕ್ಕದಲ್ಲಿ ಶೇಕಡಾವಾರು ಅಂಕಿಯೊಂದು ಇರುತ್ತದೆ. ಆ ಸ್ಥಾನದಲ್ಲಿ ಓದಿದ ಡಿಎನ್‌ಎ ಪ್ರತಿಗಳಲ್ಲಿ ಎಷ್ಟು ಪಾಲು ರೂಪಾಂತರ ಹೊಂದಿವೆ ಎಂಬುದನ್ನು ಅದು ಹೇಳುತ್ತದೆಯೇ ಹೊರತು ರೋಗದ ತೀವ್ರತೆಯನ್ನಲ್ಲ. ತುಣುಕಿನಲ್ಲಿ ಆರೋಗ್ಯವಂತ ಜೀವಕೋಶಗಳು ಹೆಚ್ಚು ಬೆರೆತಿದ್ದರೆ ಅಂಕಿ ತಾನಾಗಿ ಇಳಿಯುತ್ತದೆ. ‘ಅರ್ಥ ಅನಿಶ್ಚಿತ’ ಎಂದು ಪಟ್ಟಿ ಮಾಡಿರುವ ರೂಪಾಂತರಗಳ ಆಧಾರದ ಮೇಲೆ ಯಾವ ಔಷಧವನ್ನೂ ಆರಂಭಿಸಬಾರದು. ಇನ್ನೊಂದು ಸಂಗತಿಯನ್ನು ಬಿಡದೆ ಕೇಳಬೇಕು: ಈ ರೂಪಾಂತರ ಗಡ್ಡೆಯಲ್ಲಿ ಮಾತ್ರ ಇದೆಯೇ, ಹುಟ್ಟಿನಿಂದಲೇ ದೇಹದ ಎಲ್ಲ ಜೀವಕೋಶಗಳಲ್ಲೂ ಇದೆಯೇ? ಕುಟುಂಬದಲ್ಲಿ ಹರಿದುಬರಬಲ್ಲ ಬಿಆರ್‌ಸಿಎ1, ಬಿಆರ್‌ಸಿಎ2 ಜೀನುಗಳಲ್ಲಿ ದೋಷ ಕಂಡಾಗ ಈ ಪ್ರಶ್ನೆ ಒಡಹುಟ್ಟಿದವರಿಗೂ ಮಕ್ಕಳಿಗೂ ಸಂಬಂಧಪಟ್ಟದ್ದು, ಮತ್ತು ಅದಕ್ಕೆ ಉತ್ತರ ಬೇಕಾದರೆ ರಕ್ತ ಅಥವಾ ಎಂಜಲಿನ ಬೇರೆಯೇ ಪರೀಕ್ಷೆ ಆಗಬೇಕು.

ಒಂದು ಸಾಲದೆ ಎರಡೇಕೆ

ಲೆಕ್ಕದಿಂದ ಆರಂಭಿಸೋಣ. ಒಂದು ಔಷಧಕ್ಕೆ ಬಗ್ಗದ ಜೀವಕೋಶ ಹತ್ತು ಲಕ್ಷಕ್ಕೆ ಒಂದರಂತೆ ಇದೆ ಎಂದಿಟ್ಟುಕೊಂಡರೆ, ನೂರು ಕೋಟಿ ಜೀವಕೋಶಗಳಿರುವ ಗಡ್ಡೆಯಲ್ಲಿ ಅಂಥವು 1,000 ಇರುತ್ತವೆ. ಮಾತ್ರೆ ನುಂಗಿದ ಮೊದಲ ದಿನವೇ ಅವು ಅಲ್ಲಿರುತ್ತವೆ, ಉಳಿದವು ಸತ್ತಂತೆ ಇವು ಬೆಳೆಯುತ್ತವೆ. ಬೇರೆ ದಾರಿಯಲ್ಲಿ ಕೆಲಸ ಮಾಡುವ ಇನ್ನೊಂದು ಔಷಧವನ್ನು ಜೊತೆಗಿಟ್ಟರೆ, ಎರಡಕ್ಕೂ ಬಗ್ಗದ ಜೀವಕೋಶ ಲಕ್ಷ ಕೋಟಿಗೆ ಒಂದರಂತೆ ಮಾತ್ರ ಸಿಗಬೇಕು, ಅಂದರೆ ಅಂಥ ಸಾವಿರ ಗಡ್ಡೆಗಳನ್ನು ತಡಕಿದರೆ ಒಂದು. ಇದು ಕಾಗದದ ಮೇಲಿನ ಲೆಕ್ಕ. ಎರಡು ಔಷಧಗಳೂ ಒಂದೇ ದಾರಿಯಲ್ಲಿ ಕುಳಿತಿದ್ದರೆ, ಆ ದಾರಿಯನ್ನೇ ಸುತ್ತುಬಳಸಿ ಹೋಗುವ ಒಂದೇ ಒಂದು ಹೊಸ ರೂಪಾಂತರ ಎರಡನ್ನೂ ಒಟ್ಟಿಗೆ ಸೋಲಿಸಬಲ್ಲದು. ನಿಜ ಜೀವನದ ಫಲಿತಾಂಶಗಳು ಲೆಕ್ಕಕ್ಕಿಂತ ಬಡವಾಗಿರುವುದಕ್ಕೆ ಒಂದು ಕಾರಣ ಇದೇ.

ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇದಕ್ಕೆ ಒಳ್ಳೆಯ ಪಾಠ. ಬೆಳೆಯಲು ಹೇಳುವ ಸಂದೇಶ ಜೀವಕೋಶದೊಳಗೆ ರಾಸ್, ರಾಫ್, ಮೆಕ್, ಇಆರ್‌ಕೆ ಎಂಬ ನಾಲ್ಕು ಪ್ರೋಟೀನುಗಳ ಕೈಯಿಂದ ಕೈಗೆ ದಾಟುತ್ತದೆ. ಮೆಲನೋಮಾಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ರಾಫ್ ಬಳಗದ ಬಿ-ರಾಫ್ ರೂಪಾಂತರಗೊಂಡು, ಮೇಲಿನಿಂದ ಯಾರೂ ಹೇಳದಿದ್ದರೂ ‘ಬೆಳೆ, ಬೆಳೆ’ ಎಂದು ಕೂಗುತ್ತಲೇ ಇರುತ್ತದೆ. ಈ ರೂಪಾಂತರ ಬೆಳಕಿಗೆ ಬಂದದ್ದು 2002ರಲ್ಲಿ. ಅದನ್ನು ತಡೆಯುವ ವೆಮುರಾಫೆನಿಬ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟದ್ದು 2011ರಲ್ಲಿ. ಗಡ್ಡೆಗಳು ವಾರಗಳಲ್ಲಿ ಕರಗಿದವು, ಆದರೆ ಬಹಳ ಮಂದಿಯಲ್ಲಿ ಆರೇಳು ತಿಂಗಳಲ್ಲಿ ಮರಳಿದವು. ಜೊತೆಗೆ ಒಂದು ವಿಚಿತ್ರವೂ ಕಂಡುಬಂತು: ರೂಪಾಂತರವಿಲ್ಲದ ಆರೋಗ್ಯವಂತ ಚರ್ಮದ ಜೀವಕೋಶಗಳಲ್ಲಿ ಇದೇ ಔಷಧ ಸಂದೇಶವನ್ನು ತಡೆಯುವ ಬದಲು ಹುರಿದುಂಬಿಸಿ, ಹೊಸ ಚರ್ಮದ ಗಡ್ಡೆಗಳನ್ನು ಹುಟ್ಟಿಸುತ್ತಿತ್ತು.

ಎರಡಕ್ಕೂ ಉತ್ತರ ಒಂದು ಮೆಟ್ಟಿಲು ಕೆಳಗಿತ್ತು. ರಾಫ್ ಜೊತೆಗೆ ಮೆಕ್ ಅನ್ನೂ ತಡೆದರೆ ಗಡ್ಡೆಗೆ ತಪ್ಪಿಸಿಕೊಳ್ಳುವುದು ಕಷ್ಟವಾಗುತ್ತದೆ, ಆರೋಗ್ಯವಂತ ಚರ್ಮದಲ್ಲಿ ಎದ್ದ ತಪ್ಪು ಸಂದೇಶವೂ ಮೆಕ್ ಬಳಿ ನಿಲ್ಲುತ್ತದೆ. ಬಿ-ರಾಫ್ ತಡೆಯುವ ಡಾಬ್ರಾಫೆನಿಬ್ ಮತ್ತು ಮೆಕ್ ತಡೆಯುವ ಟ್ರಾಮೆಟಿನಿಬ್ ಜೋಡಿಗೆ 2014ರ ಜನವರಿಯಲ್ಲಿ ಅನುಮತಿ ಸಿಕ್ಕಿತು. ವೆಮುರಾಫೆನಿಬ್ ಒಂದನ್ನೇ ಪಡೆದವರಲ್ಲಿ ಶೇ 18ರಷ್ಟು ಜನರಿಗೆ ಹೊಸ ಚರ್ಮದ ಗಡ್ಡೆ ಕಾಣಿಸಿಕೊಂಡರೆ, ಜೋಡಿ ಪಡೆದವರಲ್ಲಿ ಅದು ಶೇ 1ಕ್ಕೆ ಇಳಿಯಿತು. ಔಷಧ ಸೇರಿಸಿದಷ್ಟೂ ತೊಂದರೆ ಹೆಚ್ಚುತ್ತದೆ ಎಂಬುದು ವೈದ್ಯಶಾಸ್ತ್ರದ ಸಾಮಾನ್ಯ ಅನುಭವ. ಸೇರಿಸಿದ್ದರಿಂದ ಒಂದು ತೊಂದರೆ ಕಡಿಮೆಯಾದ ಈ ಉದಾಹರಣೆ ನನಗೆ ಇಡೀ ಕ್ಷೇತ್ರದಲ್ಲೇ ಅತ್ಯಂತ ಇಷ್ಟವಾದದ್ದು. ಈ ಜೋಡಿಯ ಎರಡು ದೊಡ್ಡ ಪ್ರಯೋಗಗಳನ್ನು ಸೇರಿಸಿ ನೋಡಿದಾಗ, ಐದು ವರ್ಷಗಳ ನಂತರ ಶೇ 34ರಷ್ಟು ರೋಗಿಗಳು ಬದುಕಿದ್ದರು, ಶೇ 19ರಷ್ಟು ಮಂದಿಯಲ್ಲಿ ರೋಗ ಮುಂದುವರಿದಿರಲಿಲ್ಲ. ಹರಡಿದ ಮೆಲನೋಮಾದ ಹಿಂದಿನ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಸಾಧನೆ. ಮೂರರಲ್ಲಿ ಇಬ್ಬರನ್ನು ಉಳಿಸಿಕೊಳ್ಳಲಾಗಲಿಲ್ಲ ಎಂಬುದೂ ಅದೇ ಅಂಕಿಯೊಳಗಿದೆ.

ಇನ್ನು ಇದೇ ವಿ600ಇ ರೂಪಾಂತರ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಕಂಡುಬಂದರೆ? ವೆಮುರಾಫೆನಿಬ್ ಒಂದನ್ನೇ ಕೊಟ್ಟಾಗ ಅಲ್ಲಿ ಗಡ್ಡೆ ಕುಗ್ಗಿದ್ದು ಶೇ 5ರಷ್ಟು ರೋಗಿಗಳಲ್ಲಿ ಮಾತ್ರ. ಕಾರಣ 2012ರಲ್ಲಿ ತಿಳಿಯಿತು. ಕೆಳಗಿನ ಸಂದೇಶ ನಿಂತ ಕೂಡಲೇ, ಜೀವಕೋಶದ ಮೇಲ್ಮೈಯಲ್ಲಿರುವ ಇಜಿಎಫ್‌ಆರ್ ಎಂಬ ಪ್ರೋಟೀನಿನ ಮೇಲಿದ್ದ ಬ್ರೇಕ್ ಸಡಿಲವಾಗಿ, ಅದು ಮೇಲಿನಿಂದ ಹೊಸ ಸಂದೇಶ ಕಳಿಸತೊಡಗುತ್ತದೆ. ಮೆಲನೋಮಾ ಜೀವಕೋಶಗಳಲ್ಲಿ ಇಜಿಎಫ್‌ಆರ್ ತೀರಾ ಕಡಿಮೆ ಇರುವುದರಿಂದ ಅಲ್ಲಿ ಈ ಸಮಸ್ಯೆ ಇರಲಿಲ್ಲ. ಕರುಳಿನ ಜೀವಕೋಶಗಳಲ್ಲಿ ಅದು ಧಾರಾಳ. ಹಾಗಾಗಿ ಕರುಳಿನ ಕ್ಯಾನ್ಸರಿಗೆ ಬಿ-ರಾಫ್ ತಡೆಯುವ ಎನ್‌ಕೊರಾಫೆನಿಬ್ ಜೊತೆ ಇಜಿಎಫ್‌ಆರ್ ತಡೆಯುವ ಸೆಟುಕ್ಸಿಮ್ಯಾಬ್ ಇಂಜೆಕ್ಷನ್ ಕೊಡುತ್ತಾರೆ. ಮೊದಲ ಚಿಕಿತ್ಸೆ ಸೋತವರಲ್ಲಿ ನಡೆದ ಬೀಕನ್ ಎಂಬ ಪ್ರಯೋಗದಲ್ಲಿ ಗಡ್ಡೆ ಕುಗ್ಗಿದವರ ಪ್ರಮಾಣ ಹಳೆಯ ಚಿಕಿತ್ಸೆಯಲ್ಲಿ ಶೇ 2 ಇದ್ದದ್ದು ಈ ಜೋಡಿಯಲ್ಲಿ ಶೇ 20ರ ಆಸುಪಾಸಿಗೆ ಏರಿತು, ಬದುಕಿನ ಅವಧಿಯ ಮಧ್ಯಾಂಕ (ಅರ್ಧದಷ್ಟು ಜನ ದಾಟಿದ ಅವಧಿ) 5.9 ತಿಂಗಳಿನಿಂದ 9.3 ತಿಂಗಳಿಗೆ ಹೆಚ್ಚಿತು. 2020ರಲ್ಲಿ ಅನುಮತಿಯೂ ಬಂತು. ಕೆ-ರಾಸ್ ಜಿ12ಸಿ ಇರುವ ಕರುಳಿನ ಕ್ಯಾನ್ಸರಿನಲ್ಲೂ ಕಥೆ ಇದೇ: ಸೋಟೋರಾಸಿಬ್ ಒಂದೇ ಇದ್ದಾಗ ಹತ್ತರಲ್ಲಿ ಒಬ್ಬರಿಗೆ ಫಲ ಸಿಕ್ಕಿದರೆ, ಇಜಿಎಫ್‌ಆರ್ ತಡೆಯುವ ಪಾನಿಟುಮುಮ್ಯಾಬ್ ಸೇರಿದಾಗ ನಾಲ್ವರಲ್ಲಿ ಒಬ್ಬರಿಗೆ ಸಿಕ್ಕಿತು. ಒಂದೇ ರೂಪಾಂತರಕ್ಕೆ ಅಂಗದಿಂದ ಅಂಗಕ್ಕೆ ಜೊತೆಗಾರ ಬೇರೆಯಾಗುತ್ತಾನೆ. ಇನ್ನೊಬ್ಬ ರೋಗಿಗೆ ಫಲಿಸಿದ ಜೋಡಿಯನ್ನು ‘ನಮ್ಮದೂ ಅದೇ ಮ್ಯುಟೇಶನ್’ ಎಂದು ಕೇಳುವ ಮೊದಲು ಈ ಮಾತನ್ನು ನೆನಪಿಡಬೇಕು.

ಸ್ತನ ಕ್ಯಾನ್ಸರಿನಲ್ಲಿ ಹರ್-2 ಜೀನಿನ ಪ್ರತಿಗಳು ವಿಪರೀತವಾಗಿರುವವರಿಗೆ ಟ್ರಾಸ್ಟುಜುಮ್ಯಾಬ್ ಮತ್ತು ಪರ್ಟುಜುಮ್ಯಾಬ್ ಎಂಬ ಎರಡು ಪ್ರತಿಕಾಯಗಳನ್ನು ಕೀಮೋ ಜೊತೆ ಕೊಡುತ್ತಾರೆ. ಎರಡೂ ಹರ್-2 ಪ್ರೋಟೀನಿಗೇ ಅಂಟುತ್ತವೆ, ಆದರೆ ಬೇರೆ ಬೇರೆ ಜಾಗಗಳಲ್ಲಿ; ಎರಡನೆಯದು ಹರ್-2 ತನ್ನ ಸೋದರ ಪ್ರೋಟೀನುಗಳ ಜೊತೆ ಜತೆಗೂಡುವುದನ್ನು ತಡೆಯುತ್ತದೆ. ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರುಗಳಲ್ಲಿ ಸುಮಾರು ಶೇ 40ರಷ್ಟರಲ್ಲಿ ಪಿಐಕೆ3ಸಿಎ ಜೀನ್ ರೂಪಾಂತರಗೊಂಡಿರುತ್ತದೆ, ಅಂಥವರಲ್ಲಿ ಕೆಲವರಿಗೆ ಅದನ್ನು ತಡೆಯುವ ಅಲ್ಪೆಲಿಸಿಬ್ ಅಥವಾ ಇನಾವೊಲಿಸಿಬ್ ಅನ್ನು ಹಾರ್ಮೋನ್ ಚಿಕಿತ್ಸೆಯೊಡನೆ ಜೋಡಿಸುತ್ತಾರೆ.

ಜೋಡಿಯಿಂದ ಗುಣವೇ ಆಗುವ ಒಂದು ಕ್ಯಾನ್ಸರನ್ನು ಹೇಳದೆ ಮುಂದೆ ಹೋಗಲಾಗದು. ಅಕ್ಯೂಟ್ ಪ್ರೊಮೈಲೊಸೈಟಿಕ್ ಲುಕೇಮಿಯಾದಲ್ಲಿ 15 ಮತ್ತು 17ನೆಯ ವರ್ಣತಂತುಗಳು ತುಣುಕು ಅದಲುಬದಲು ಮಾಡಿಕೊಂಡು ಪಿಎಮ್‌ಎಲ್–ರಾರಾ ಎಂಬ ಕೂಡುಪ್ರೋಟೀನ್ ಹುಟ್ಟುತ್ತದೆ. ವಿಟಮಿನ್ ಎ ಬಳಗದ ರೆಟಿನೋಯಿಕ್ ಆಮ್ಲ ಅದರ ಒಂದು ತುದಿಗೆ, ಆರ್ಸೆನಿಕ್ ಟ್ರೈಆಕ್ಸೈಡ್ ಇನ್ನೊಂದು ತುದಿಗೆ ಹಿಡಿದು ಅದನ್ನು ನಾಶಪಡಿಸುತ್ತವೆ. ಹೆಚ್ಚಿನ ಅಪಾಯವಿಲ್ಲದ ಗುಂಪಿನ ರೋಗಿಗಳಲ್ಲಿ ಕೀಮೋ ಇಲ್ಲದೆ ಇವೆರಡನ್ನೇ ಕೊಟ್ಟ ಪ್ರಯೋಗ 2013ರಲ್ಲಿ ಪ್ರಕಟವಾದಾಗ, ಎರಡು ವರ್ಷಗಳ ಕೊನೆಗೆ ಶೇ 97ರಷ್ಟು ಮಂದಿ ರೋಗ ಮರುಕಳಿಸದೆ, ಚಿಕಿತ್ಸೆ ಸೋಲದೆ ಇದ್ದರು. ಹಳೆಯ ವಿಷವೊಂದು ಟಾರ್ಗೆಟೆಡ್ ಔಷಧವಾದ ಈ ಪ್ರಸಂಗ ತೋರಿಸುವುದು ಇಷ್ಟು: ಕ್ಯಾನ್ಸರ್ ಒಂದೇ ತಪ್ಪಿನ ಮೇಲೆ ನಿಂತಿದ್ದರೆ ಜೋಡಿ ಅದನ್ನು ಕೆಡವುತ್ತದೆ. ಹತ್ತಾರು ತಪ್ಪುಗಳನ್ನು ಕೂಡಿಹಾಕಿಕೊಂಡ ಶ್ವಾಸಕೋಶ, ಕರುಳಿನ ಗಡ್ಡೆಗಳಿಂದ ಅಷ್ಟನ್ನೇ ನಿರೀಕ್ಷಿಸುವುದು ನ್ಯಾಯವಲ್ಲ.

ಕೂಡಿಸಬಾರದ ಜೋಡಿಗಳು

ಬೇರೆ ಬೇರೆಯಾಗಿ ಒಳ್ಳೆಯವಾದ ಎರಡು ಔಷಧಗಳು ಕೂಡಿದರೆ ಒಳ್ಳೆಯದೇ ಆಗುತ್ತದೆ ಎಂಬ ನಿಯಮವಿಲ್ಲ. ಕರುಳಿನ ಕ್ಯಾನ್ಸರಿನಲ್ಲಿ ಕೀಮೋ ಮತ್ತು ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಜುಮ್ಯಾಬ್ ಜೊತೆಗೆ ಪಾನಿಟುಮುಮ್ಯಾಬ್ ಸೇರಿಸಿ ನೋಡಿದ ದೊಡ್ಡ ಪ್ರಯೋಗದಲ್ಲಿ, 2009ರ ವರದಿಯ ಪ್ರಕಾರ, ಸೇರಿಸಿದವರಿಗೇ ರೋಗ ಬೇಗ ಮುಂದುವರಿಯಿತು. ಮೆಲನೋಮಾದಲ್ಲಿ ವೆಮುರಾಫೆನಿಬ್ ಮತ್ತು ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಇಪಿಲಿಮುಮ್ಯಾಬ್ ಅನ್ನು ಒಟ್ಟಿಗೆ ಕೊಟ್ಟ ಆರಂಭಿಕ ಪ್ರಯೋಗವನ್ನು ಯಕೃತ್ತಿಗೆ ಆದ ಹಾನಿಯಿಂದಾಗಿ ನಿಲ್ಲಿಸಬೇಕಾಯಿತು. ಇಜಿಎಫ್‌ಆರ್ ತಡೆಯುವ ಒಸಿಮರ್ಟಿನಿಬ್ ಜೊತೆ, ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ದುರ್ವಾಲುಮ್ಯಾಬ್ ಕೂಡಿಸಿದಾಗ ಶ್ವಾಸಕೋಶದ ಉರಿಯೂತ ಆತಂಕಪಡುವಷ್ಟು ಹೆಚ್ಚಿತು. ಇಂಥ ಕಡೆ ಒಟ್ಟಿಗೆ ಕೊಡುವುದಕ್ಕಿಂತ ಸರದಿಯ ಪ್ರಶ್ನೆ ಮುಖ್ಯವಾಗುತ್ತದೆ. ಬಿ-ರಾಫ್ ರೂಪಾಂತರದ ಮೆಲನೋಮಾದಲ್ಲಿ ಮೊದಲು ಇಮ್ಯುನೋಥೆರಪಿ (ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಚಿಕಿತ್ಸೆ) ಜೋಡಿ, ರೋಗ ಮುಂದುವರಿದರೆ ಆಮೇಲೆ ಡಾಬ್ರಾಫೆನಿಬ್–ಟ್ರಾಮೆಟಿನಿಬ್ ಎಂಬ ಸರದಿಯಲ್ಲಿ ಎರಡು ವರ್ಷಗಳ ಕೊನೆಗೆ ಶೇ 71.8ರಷ್ಟು ಮಂದಿ ಬದುಕಿದ್ದರು. ಸರದಿ ತಿರುಗುಮುರುಗಾದಾಗ ಶೇ 51.5. ಆದ್ದರಿಂದ ರೂಪಾಂತರ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಅದರ ಮಾತ್ರೆ ಮೊದಲು ಬರಬೇಕೆಂದಿಲ್ಲ. ರೋಗ ವೇಗವಾಗಿ ಹಬ್ಬುತ್ತಿರುವವರಲ್ಲಿ ಬೇಗ ಕೆಲಸ ಮಾಡುವ ಮಾತ್ರೆಯನ್ನೇ ಮೊದಲು ಆರಿಸಬೇಕಾದ ಸಂದರ್ಭಗಳೂ ಇರುತ್ತವೆ, ಅದನ್ನು ರೋಗಿಯನ್ನು ನೋಡಿದ ವೈದ್ಯರೇ ತೂಗಿ ಹೇಳಬೇಕು.

ವೈದ್ಯರ ಮುಂದೆ ಕುಳಿತಾಗ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲ ಪ್ರಶ್ನೆ ಹೀಗಿರಬೇಕು: ‘ಈ ಜೋಡಿಯಲ್ಲಿ ಎರಡನೆಯ ಔಷಧವನ್ನು ಬಿಟ್ಟರೆ ಏನಾಗುತ್ತದೆ, ಡಾಕ್ಟರೇ?’ ಉತ್ತರ ಒಂದೆರಡು ವಾಕ್ಯಗಳಲ್ಲಿ ಸ್ಪಷ್ಟವಾಗಿ ಬಂದರೆ ಜೋಡಿಗೆ ಗಟ್ಟಿ ಆಧಾರವಿದೆ ಎಂದು ತಿಳಿಯಬಹುದು. ಮುಂದಿನ ಪ್ರಶ್ನೆ, ಇದೇ ಅಂಗದ, ಇದೇ ರೂಪಾಂತರದ, ಇದೇ ಹಂತದ ರೋಗಿಗಳಲ್ಲಿ ಈ ಜೋಡಿಯನ್ನು ಯಾವುದಕ್ಕೆ ಹೋಲಿಸಿ ನೋಡಿದ್ದಾರೆ ಎಂಬುದು. ಹೋಲಿಕೆಯ ಅಂಕಿಯಲ್ಲಿ ಮೂರು ಬಗೆಗಳಿವೆ, ಅವನ್ನು ಕಲಸಿಕೊಳ್ಳಬಾರದು: ಗಡ್ಡೆ ಕುಗ್ಗಿದವರ ಪ್ರಮಾಣ ಒಂದು, ರೋಗ ಮುಂದುವರಿಯದೆ ಕಳೆದ ಅವಧಿ ಇನ್ನೊಂದು, ಒಟ್ಟು ಬದುಕಿದ ಅವಧಿ ಮತ್ತೊಂದು. ಮೊದಲೆರಡರಲ್ಲಿ ಗೆದ್ದ ಜೋಡಿ ಮೂರನೆಯದರಲ್ಲೂ ಗೆಲ್ಲುತ್ತದೆಂಬ ಖಾತರಿ ಇಲ್ಲ. ಮಧ್ಯಾಂಕ 15 ತಿಂಗಳು ಎಂದರೆ ಅರ್ಧದಷ್ಟು ಜನರಿಗೆ ಅದಕ್ಕಿಂತ ಹೆಚ್ಚು, ಅರ್ಧದಷ್ಟು ಜನರಿಗೆ ಅದಕ್ಕಿಂತ ಕಡಿಮೆ; ನಿಮ್ಮ ಮನೆಯವರಿಗೆ 15 ತಿಂಗಳು ಎಂದಲ್ಲ.

ಲಾಭಕ್ಕೆ ತೆರಬೇಕಾದ ಬೆಲೆಯನ್ನೂ ಅಷ್ಟೇ ನೇರವಾಗಿ ಕೇಳಬೇಕು. ಇಜಿಎಫ್‌ಆರ್ ರೂಪಾಂತರದ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಒಸಿಮರ್ಟಿನಿಬ್ ಮಾತ್ರೆ ಒಂದರಿಂದ ರೋಗ ಮುಂದುವರಿಯದೆ ಕಳೆದ ಅವಧಿಯ ಮಧ್ಯಾಂಕ 16.6 ತಿಂಗಳಿದ್ದರೆ, ಅಮಿವಾಂಟಾಮ್ಯಾಬ್ ಇಂಜೆಕ್ಷನ್ ಮತ್ತು ಲೇಜರ್ಟಿನಿಬ್ ಮಾತ್ರೆಯ ಜೋಡಿಯಲ್ಲಿ 23.7 ತಿಂಗಳು ಎಂದು ಮಾರಿಪೋಸಾ ಪ್ರಯೋಗ ತೋರಿಸಿತು. ಅದೇ ಪ್ರಯೋಗದಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿದ್ದು ಒಸಿಮರ್ಟಿನಿಬ್ ಗುಂಪಿನಲ್ಲಿ ಶೇ 9, ಜೋಡಿ ಗುಂಪಿನಲ್ಲಿ ಶೇ 37. ಹೀಗಾಗಿ ಈ ಜೋಡಿಯನ್ನು ಆರಂಭಿಸುವವರಿಗೆ ಮೊದಲ ನಾಲ್ಕು ತಿಂಗಳು ರಕ್ತ ತೆಳುವಾಗಿಸುವ ಔಷಧವನ್ನೂ ಕೊಡಬೇಕೆಂದು ಸೂಚನೆ ಇದೆ. ಚರ್ಮದ ದದ್ದು, ಉಗುರು ಸುತ್ತಿನ ಕೀವು, ಆಸ್ಪತ್ರೆಗೆ ಓಡಾಟ ಇವೆಲ್ಲ ಇದಕ್ಕೆ ಸೇರುತ್ತವೆ. ದಿನಕ್ಕೊಂದು ಮಾತ್ರೆಯ ನೆಮ್ಮದಿಯನ್ನೇ ಆರಿಸಿಕೊಳ್ಳುವ ವಯಸ್ಸಾದ ರೋಗಿಯ ನಿರ್ಧಾರದಲ್ಲಿ ಅವಿವೇಕವೇನೂ ಇಲ್ಲ.

ಆರಂಭಿಸುವ ಮುನ್ನದ ಸಿದ್ಧತೆ

ಯಾವ ಜೋಡಿಯಾದರೂ, ಔಷಧ ಆರಂಭಿಸುವ ಮೊದಲು ದೇಹದ ಸ್ಥಿತಿ ಹೇಗಿತ್ತು ಎಂಬ ದಾಖಲೆ ಇರಬೇಕು. ಇಲ್ಲದಿದ್ದರೆ ಮುಂದೆ ಕಂಡ ತೊಂದರೆ ಔಷಧದ್ದೋ ಹಳೆಯದೋ ಎಂದು ಹೇಳುವುದು ಕಷ್ಟ. ಮೆಕ್ ತಡೆಯುವ ಔಷಧವಿದ್ದರೆ ಹೃದಯದ ಎಕೋ ಪರೀಕ್ಷೆ ಮೊದಲೇ ಒಮ್ಮೆ, ಒಂದು ತಿಂಗಳ ನಂತರ ಮತ್ತೊಮ್ಮೆ, ಆಮೇಲೆ ಎರಡು-ಮೂರು ತಿಂಗಳಿಗೊಮ್ಮೆ ಆಗುತ್ತದೆ. ಈ ಔಷಧಗಳು ಕಣ್ಣಿನ ರೆಟಿನಾದಲ್ಲಿ ನೀರು ತುಂಬಿಸಬಲ್ಲವು, ಅಪರೂಪಕ್ಕೆ ಅಲ್ಲಿನ ರಕ್ತನಾಳವನ್ನೂ ಮುಚ್ಚಬಲ್ಲವು, ಆದ್ದರಿಂದ ಹಿಂದೆ ಕಣ್ಣಿನ ತೊಂದರೆ ಇದ್ದವರು ಅದನ್ನು ಮುಚ್ಚಿಡದೆ ಹೇಳಬೇಕು. ಎನ್‌ಕೊರಾಫೆನಿಬ್, ಅಡಗ್ರಾಸಿಬ್, ಒಸಿಮರ್ಟಿನಿಬ್ ಹೃದಯದ ಲಯವನ್ನು ಕೆಡಿಸಬಲ್ಲವಾದ್ದರಿಂದ ಇಸಿಜಿ ಬೇಕಾಗಬಹುದು. ಅಲ್ಪೆಲಿಸಿಬ್ ಪಡೆದವರಲ್ಲಿ ಸುಮಾರು ಮೂರರಲ್ಲಿ ಇಬ್ಬರಿಗೆ ರಕ್ತದ ಸಕ್ಕರೆ ಏರುತ್ತದೆ. ಮಧುಮೇಹವಿಲ್ಲದವರೂ ಮೊದಲೇ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಡಾಬ್ರಾಫೆನಿಬ್ ಕೆಂಪು ರಕ್ತಕಣಗಳನ್ನು ಒಡೆಯಬಹುದು.

ಈಗ ತೆಗೆದುಕೊಳ್ಳುತ್ತಿರುವ ಪ್ರತಿಯೊಂದು ಔಷಧದ ಪಟ್ಟಿಯನ್ನು, ಗಿಡಮೂಲಿಕೆ ಮತ್ತು ವಿಟಮಿನ್ ಮಾತ್ರೆಗಳನ್ನೂ ಬಿಡದೆ, ಬರೆದುಕೊಂಡು ಹೋಗಬೇಕು. ಈ ಮಾತ್ರೆಗಳಲ್ಲಿ ಹಲವನ್ನು ಯಕೃತ್ತಿನ ಒಂದೇ ಕಿಣ್ವ ಒಡೆಯುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಆ ಕಿಣ್ವವನ್ನು ಹೆಚ್ಚಿಸಿ ಕ್ಯಾನ್ಸರ್ ಔಷಧವನ್ನು ಬೇಗ ಖಾಲಿ ಮಾಡುತ್ತದೆ; ಕೀಟೊಕೊನಜೋಲ್, ಕ್ಲಾರಿಥ್ರೋಮೈಸಿನ್, ಗ್ರೇಪ್‌ಫ್ರೂಟ್ ಹಣ್ಣಿನ ರಸ ಅದನ್ನು ತಡೆದು ಔಷಧ ರಕ್ತದಲ್ಲಿ ಹೆಚ್ಚಾಗುವಂತೆ ಮಾಡುತ್ತವೆ. ಹೊಟ್ಟೆಯ ಆಮ್ಲ ತಗ್ಗಿಸುವ ಒಮೆಪ್ರಜೋಲ್‌ನಂಥ ಮಾತ್ರೆ ಜೊತೆಗಿದ್ದರೆ ಸೋಟೋರಾಸಿಬ್ ಸರಿಯಾಗಿ ಹೀರಿಕೆಯಾಗುವುದಿಲ್ಲ, ಮತ್ತು ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಈ ಸಾಧಾರಣ ಮಾತ್ರೆಯನ್ನು ವೈದ್ಯರಿಗೆ ಹೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಡಾಬ್ರಾಫೆನಿಬ್ ಗರ್ಭನಿರೋಧಕ ಹಾರ್ಮೋನ್ ಮಾತ್ರೆಯನ್ನು ನಿಷ್ಫಲಗೊಳಿಸಬಲ್ಲದು. ಈ ಔಷಧಗಳು ಭ್ರೂಣಕ್ಕೆ ಅಪಾಯಕಾರಿಯಾದ್ದರಿಂದ ಬೇರೆ ವಿಧಾನವನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು.

ಮನೆಯಲ್ಲಿ ದಿನದಿನದ ನಿರ್ವಹಣೆ

ಜೋಡಿಯ ಎರಡು ಮಾತ್ರೆಗಳಿಗೆ ವೇಳಾಪಟ್ಟಿ ಒಂದೇ ಆಗಿರುವುದಿಲ್ಲ, ತಪ್ಪಾಗುವುದು ಹೆಚ್ಚಾಗಿ ಇಲ್ಲೇ. ಡಾಬ್ರಾಫೆನಿಬ್ ಸಾಮಾನ್ಯವಾಗಿ 150 ಮಿಲಿಗ್ರಾಂ, 12 ಗಂಟೆಗಳ ಅಂತರದಲ್ಲಿ ದಿನಕ್ಕೆ ಎರಡು ಸಲ; ಟ್ರಾಮೆಟಿನಿಬ್ 2 ಮಿಲಿಗ್ರಾಂ ದಿನಕ್ಕೆ ಒಂದೇ ಸಲ. ಎರಡನ್ನೂ ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಅಥವಾ ಊಟವಾಗಿ ಎರಡು ಗಂಟೆಯ ನಂತರ ನುಂಗಬೇಕು. ಟ್ರಾಮೆಟಿನಿಬ್ ಮಾತ್ರೆಯನ್ನು ಅದರ ಮೂಲ ಡಬ್ಬಿಯಲ್ಲೇ, ತೇವ ಹೀರುವ ಪೊಟ್ಟಣವನ್ನು ತೆಗೆಯದೆ, ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಫ್ರೀಜರಿನಲ್ಲಿ ಇಡಬಾರದು. ವಾರದ ಮಾತ್ರೆಗಳನ್ನೆಲ್ಲ ಒಂದು ಪೆಟ್ಟಿಗೆಗೆ ಸುರಿದಿಡುವ ಅಭ್ಯಾಸ ಈ ಮಾತ್ರೆಗೆ ಸಲ್ಲದು. ಇದಕ್ಕೆ ವಿರುದ್ಧವಾಗಿ ಅಲ್ಪೆಲಿಸಿಬ್ ಅನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು, ಎನ್‌ಕೊರಾಫೆನಿಬ್‌ಗೆ ಊಟದ ಕಟ್ಟುಪಾಡಿಲ್ಲ. ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿ, ಮಾತ್ರೆಯ ಹೆಸರು, ವೇಳೆ, ನುಂಗಿದ ಗುರುತು ಇಷ್ಟನ್ನು ಬರೆಯುವ ಹಳೆಯ ಉಪಾಯವೇ ಮೊಬೈಲಿನ ಅಲಾರಂಗಿಂತ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಅಲಾರಂ ನಿಲ್ಲಿಸಿದ್ದಕ್ಕೂ ಮಾತ್ರೆ ನುಂಗಿದ್ದಕ್ಕೂ ಸಂಬಂಧವಿರಬೇಕೆಂದಿಲ್ಲ.

ಮರೆತ ಮಾತ್ರೆಗೆ ನಿಯಮ ಹೀಗಿದೆ: ಡಾಬ್ರಾಫೆನಿಬ್‌ನ ಮುಂದಿನ ಸರದಿಗೆ 6 ಗಂಟೆಗಿಂತ ಕಡಿಮೆ ಉಳಿದಿದ್ದರೆ, ಟ್ರಾಮೆಟಿನಿಬ್‌ನ ಸರದಿಗೆ 12 ಗಂಟೆಗಿಂತ ಕಡಿಮೆ ಉಳಿದಿದ್ದರೆ, ಮರೆತದ್ದನ್ನು ಬಿಟ್ಟುಬಿಡಬೇಕು. ಎರಡನ್ನು ಕೂಡಿಸಿ ನುಂಗಬಾರದು. ನುಂಗಿದ ಮೇಲೆ ವಾಂತಿಯಾದರೂ ಆ ಸರದಿಗೆ ಇನ್ನೊಂದು ಮಾತ್ರೆ ಬೇಡ.

ಡಾಬ್ರಾಫೆನಿಬ್–ಟ್ರಾಮೆಟಿನಿಬ್ ಪಡೆಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಜ್ವರ ಬರುತ್ತದೆ. ಮನೆಯಲ್ಲಿ ಥರ್ಮಾಮೀಟರ್ ಇಲ್ಲದೆ ಈ ಚಿಕಿತ್ಸೆಯನ್ನು ಆರಂಭಿಸಲೇಬಾರದು. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದ ಕೂಡಲೇ ಎರಡೂ ಔಷಧಗಳನ್ನು ತಡೆಹಿಡಿದು, ಜ್ವರವಿಲ್ಲದೆ ಒಂದು ದಿನ ಕಳೆದ ಮೇಲೆ ಅದೇ ಪ್ರಮಾಣದಲ್ಲಿ ಮುಂದುವರಿಸುವ ಪದ್ಧತಿ ಈಗ ಹೆಚ್ಚು ಬಳಕೆಯಲ್ಲಿದೆ; ನಿಮ್ಮ ವೈದ್ಯರು ಇದನ್ನೇ ಅನುಸರಿಸುತ್ತಾರೆಯೇ ಎಂದು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಆದರೂ ಜ್ವರವೆಂದರೆ ಔಷಧದ್ದೇ ಎಂದು ಮನೆಯಲ್ಲೇ ತೀರ್ಮಾನಿಸುವುದು ಅಪಾಯ, ಸೋಂಕು ಇಲ್ಲವೆಂದು ವೈದ್ಯರು ಹೇಳಬೇಕು. ಚಳಿನಡುಕ, ತಲೆಸುತ್ತು, ಮೂತ್ರ ಕಡಿಮೆಯಾಗುವುದು ಜೊತೆಗಿದ್ದರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಬೆಳಗಿನವರೆಗೆ ಕಾಯದ ಬೇರೆ ಲಕ್ಷಣಗಳೂ ಇವೆ: ಕಣ್ಣು ಇದ್ದಕ್ಕಿದ್ದಂತೆ ಮಂಜಾಗುವುದು, ಹೊಸ ಒಣಕೆಮ್ಮು ಅಥವಾ ಉಸಿರಾಟದ ಕಷ್ಟ, ಒಂದೇ ಕಾಲು ಊದಿ ನೋಯುವುದು, ಎದೆನೋವು, ಕಪ್ಪು ಮಲ, ವಿಪರೀತ ಬಾಯಾರಿಕೆಯೊಡನೆ ಮಂಪರು.

ತೊಂದರೆ ಕಂಡಾಗ ಜೋಡಿಯಲ್ಲಿ ಒಂದನ್ನು ಮಾತ್ರ ತಾವೇ ನಿಲ್ಲಿಸಿ ಇನ್ನೊಂದನ್ನು ಮುಂದುವರಿಸುವವರಿದ್ದಾರೆ. ಇದು ತೋರುವಷ್ಟು ನಿರಪಾಯವಲ್ಲ. ಮೆಲನೋಮಾದಲ್ಲಿ ಎನ್‌ಕೊರಾಫೆನಿಬ್ ಅನ್ನು ಮೆಕ್ ತಡೆಯುವ ಬಿನಿಮೆಟಿನಿಬ್ ಜೊತೆಗಿರುವಾಗ 450 ಮಿಲಿಗ್ರಾಂ ಕೊಡುತ್ತಾರೆ. ಬಿನಿಮೆಟಿನಿಬ್ ನಿಂತರೆ ಅದನ್ನು 300ಕ್ಕೆ ಇಳಿಸಬೇಕು, ಏಕೆಂದರೆ ಅಷ್ಟು ದೊಡ್ಡ ಪ್ರಮಾಣವನ್ನು ದೇಹ ತಾಳುವುದು ಜೊತೆಗಾರ ಇರುವಾಗಲೇ. ಒಂದನ್ನು ತೆಗೆದರೆ ಉಳಿದದ್ದರ ಲೆಕ್ಕವೂ ಬದಲಾಗುತ್ತದೆ, ಹಾಗಾಗಿ ಯಾವುದನ್ನು ನಿಲ್ಲಿಸಬೇಕು, ಎಷ್ಟು ದಿನ, ಮರಳಿ ಎಷ್ಟರಿಂದ ಆರಂಭಿಸಬೇಕು ಎಂಬ ಮೂರನ್ನೂ ಫೋನಿನಲ್ಲಾದರೂ ಕೇಳಿಯೇ ಮಾಡಬೇಕು.

ಗಡ್ಡೆ ಮತ್ತೆ ಬೆಳೆದಾಗ

ಕೆಲವು ತಿಂಗಳಿಗೊಮ್ಮೆ ಆಗುವ ಸ್ಕ್ಯಾನಿನಲ್ಲಿ ಬೆಳವಣಿಗೆ ಕಂಡರೆ, ಔಷಧವನ್ನು ಆ ದಿನವೇ ಬಿಸಾಡುವ ಅಗತ್ಯವಿಲ್ಲ. ಒಂದೇ ಜಾಗದಲ್ಲಿ ಬೆಳೆದು ಉಳಿದೆಡೆ ಹಿಡಿತದಲ್ಲಿದ್ದರೆ, ಆ ಜಾಗಕ್ಕೆ ಮಾತ್ರ ರೇಡಿಯೇಶನ್ ಕೊಟ್ಟು ಜೋಡಿಯನ್ನು ಮುಂದುವರಿಸುವುದುಂಟು. ಎಲ್ಲೆಡೆ ಬೆಳೆದಿದ್ದರೆ ಹೊಸದಾಗಿ ಪರೀಕ್ಷೆ ಮಾಡಿಸುವುದು ಒಳ್ಳೆಯದು, ಏಕೆಂದರೆ ಹಳೆಯ ವರದಿ ಹಳೆಯ ಗಡ್ಡೆಯದ್ದು. ಬಿ-ರಾಫ್ ಜೀನಿನ ಪ್ರತಿಗಳು ಹೆಚ್ಚಿರಬಹುದು, ಮೆಕ್ ಅಥವಾ ಎನ್-ರಾಸ್ ಜೀನಿನಲ್ಲಿ ಹೊಸ ರೂಪಾಂತರ ಬಂದಿರಬಹುದು. ಇಜಿಎಫ್‌ಆರ್ ಗಡ್ಡೆಗಳಲ್ಲಿ ಸಿ797ಎಸ್ ರೂಪಾಂತರವೋ, ಮೆಟ್ ಎಂಬ ಬೇರೆ ಜೀನಿನ ಹೆಚ್ಚಳವೋ ಕಾಣಬಹುದು. ಇವುಗಳಲ್ಲಿ ಹಲವು ರಕ್ತದ ಪರೀಕ್ಷೆಯಲ್ಲೇ ಸಿಗುತ್ತವೆ. ಆದರೆ ಶ್ವಾಸಕೋಶದ ಗಡ್ಡೆ ತನ್ನ ಜಾತಿಯನ್ನೇ ಬದಲಿಸಿ ಸ್ಮಾಲ್ ಸೆಲ್ ಕ್ಯಾನ್ಸರ್ ಆಗಿ ಮಾರ್ಪಟ್ಟಿದ್ದರೆ, ಅದನ್ನು ಖಚಿತಪಡಿಸಲು ತುಣುಕು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಲೇಬೇಕು, ಮತ್ತು ಅದರ ಚಿಕಿತ್ಸೆ ಪೂರ್ತಿ ಬೇರೆ. ಇನ್ನೊಂದು ಸೂಜಿ ಬೇಡವೆಂದು ರೋಗಿ ಹಿಂಜರಿಯುವುದು ಸಹಜ. ಆಗ ಹೊಸ ಬಯಾಪ್ಸಿಯ ಫಲಿತಾಂಶ ಯಾವ ಬಗೆಯಲ್ಲಿ ಬಂದರೆ ಮುಂದಿನ ಚೀಟಿ ಹೇಗೆ ಬದಲಾಗುತ್ತದೆ ಎಂದು ವೈದ್ಯರಿಂದಲೇ ಹೇಳಿಸಿ, ಬದಲಾಗುವುದಿದ್ದರೆ ಒಪ್ಪಿಸಿ, ಏನೂ ಬದಲಾಗದಿದ್ದರೆ ಒತ್ತಾಯ ಮಾಡಬೇಡಿ.